ವಿರಳತೆಯನ್ನು ಕಾರ್ಖಾನೆ ಮಾರಲಾರದು

2016ರ ಮಾರ್ಚ್‌ನಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಜರ್ಮನಿಯ ಪೋರ್ಷೆ ಕಂಪನಿ 911 ಆರ್ ಎಂಬ ಕಾರನ್ನು ಮುಂದಿಟ್ಟಿತು. ತಯಾರಾಗುವುದು 991 ಕಾರುಗಳು ಮಾತ್ರ ಎಂದು ಅಂದೇ ಘೋಷಿಸಿತು. ಆ ಪೀಳಿಗೆಯ 911ಕ್ಕೆ ಕಂಪನಿಯ ಒಳಗೆ ಇದ್ದ ಸಂಕೇತ ಸಂಖ್ಯೆಯೇ 991. ಅಮೆರಿಕದಲ್ಲಿ ಅದರ ಪಟ್ಟಿ ಬೆಲೆ 1,84,900 ಡಾಲರ್. ಆ ಬೆಲೆಗೆ ಅದು ಸಿಕ್ಕಿದ್ದು ಕೆಲವರಿಗೆ ಮಾತ್ರ. ಪೋರ್ಷೆಯ ಅತಿ ದುಬಾರಿ 918 ಸ್ಪೈಡರ್ ಕೊಂಡಿದ್ದವರಿಗೆ ಮೊದಲ ಆದ್ಯತೆ ದೊರೆಯಿತು, ಉಳಿದವರು ಮರುಮಾರಾಟದ ಪೇಟೆಗೆ ಬಂದರು. ಕೆಲವೇ ತಿಂಗಳಲ್ಲಿ ಜಾಹೀರಾತುಗಳಲ್ಲಿ ಕೇಳುವ ಬೆಲೆ ಐದು ಲಕ್ಷ ಡಾಲರ್ ದಾಟಿ, ಕೆಲವೆಡೆ ಹತ್ತು ಲಕ್ಷವನ್ನೂ ಮುಟ್ಟಿತು. ಎರಡೇ ವರ್ಷಗಳ ಬಳಿಕ ಅದೇ ಕಾರುಗಳು ಮೂರು ಲಕ್ಷ ಡಾಲರ್ ಆಸುಪಾಸಿನಲ್ಲಿ ಕೈಬದಲಾಗುತ್ತಿದ್ದವು. ಇಷ್ಟರಲ್ಲಿ ಒಂದು ಕಾರೂ ಹೆಚ್ಚಾಗಿರಲಿಲ್ಲ, ಕಾರಿನ ಗುಣದಲ್ಲಿ ಎಳ್ಳಷ್ಟೂ ಕೊರತೆ ಬಂದಿರಲಿಲ್ಲ. 991 ಎಂಬ ಸಂಖ್ಯೆ ಹಾಗೆಯೇ ಉಳಿದಿದ್ದರೂ ಬೆಲೆ ಉಳಿಯಲಿಲ್ಲ. ಈ ಕಾಲದ ಸಂಗ್ರಹಯೋಗ್ಯ ಸ್ಪೋರ್ಟ್ಸ್ ಕಾರುಗಳ ಮರುಮಾರಾಟದ ಬಗ್ಗೆ, ಈ ಒಂದು ಇಳಿಕೆಯನ್ನು ಸರಿಯಾಗಿ ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಮೊದಲು, ಜನ ಆ ಕಾರಿಗೆ ಯಾಕೆ ಅಷ್ಟು ಮುಗಿಬಿದ್ದರು ಎಂಬುದನ್ನು ನೋಡೋಣ. 2013ರಲ್ಲಿ ಬಂದ 911 ಜಿಟಿ3 ಕಾರಿನಲ್ಲಿ ಪೋರ್ಷೆ ಮ್ಯಾನುಯಲ್ ಗೇರನ್ನು ಪೂರ್ತಿ ಕೈಬಿಟ್ಟು, ತನ್ನಷ್ಟಕ್ಕೆ ಗೇರ್ ಬದಲಿಸಬಲ್ಲ ಎರಡು ಕ್ಲಚ್‌ನ ಗೇರ್‌ಬಾಕ್ಸನ್ನಷ್ಟೇ ಕೊಟ್ಟಿತ್ತು. ಅದರ ವೇಗದ ಎದುರು ಮನುಷ್ಯರ ಕೈಕಾಲು ನಿಲ್ಲಲಾರವು. ರೇಸ್ ಟ್ರ್ಯಾಕಿನ ಗಡಿಯಾರದ ಲೆಕ್ಕದಲ್ಲಿ ಆ ತೀರ್ಮಾನ ಸರಿಯೇ ಇತ್ತು. ಆದರೆ ಎಡಗಾಲಲ್ಲಿ ಕ್ಲಚ್ ಒತ್ತಿ, ಕೈಯಲ್ಲಿ ಗೇರ್ ಹಾಕಿ, ಎಂಜಿನ್ನಿನ ದನಿಗೆ ಕಿವಿಗೊಟ್ಟು ಓಡಿಸುವುದೇ ಸ್ಪೋರ್ಟ್ಸ್ ಕಾರಿನ ಸಾರ ಎಂದು ನಂಬಿದ್ದ ದೊಡ್ಡ ಗಿರಾಕಿ ವರ್ಗ ಇದರಿಂದ ನೊಂದುಕೊಂಡಿತು. 911 ಆರ್ ಆ ವರ್ಗಕ್ಕೆ ಸಿಕ್ಕ ಉತ್ತರ. ಜಿಟಿ3 ಆರ್‌ಎಸ್‌ನ ನಾಲ್ಕು ಲೀಟರಿನ, ಟರ್ಬೊ ಇಲ್ಲದ, 500 ಅಶ್ವಶಕ್ತಿಯ ಎಂಜಿನ್, ಆರು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಮೆಗ್ನೀಸಿಯಂ ಚಾವಣಿ, 1,370 ಕಿಲೋ ತೂಕ, ಹಿಂಬದಿಯಲ್ಲಿ ದೊಡ್ಡ ರೆಕ್ಕೆ ಇಲ್ಲದ ಸರಳ ಮೈಕಟ್ಟು. 1967ರಲ್ಲಿ ಬೆರಳೆಣಿಕೆಯಷ್ಟು ತಯಾರಾದ ಹಗುರ ರೇಸ್ ಕಾರಿನ ಹೆಸರನ್ನು ಅದು ಹೊತ್ತುಕೊಂಡಿತ್ತು. ಇಂಥ ಜೋಡಣೆ ಆ ಹೊತ್ತಿಗೆ ಬೇರೆ ಯಾವ ಹೊಸ 911ನಲ್ಲೂ ಸಿಗುತ್ತಿರಲಿಲ್ಲ. ಜನ ಹಣ ಸುರಿದದ್ದು ಈ ಕಾರಣಕ್ಕೆ. ಆದರೆ ಪೇಟೆ ಅದನ್ನು ತಪ್ಪಾಗಿ ಓದಿ, 991 ಎಂಬ ಸಂಖ್ಯೆಗೇ ಆ ಬೆಲೆ ಬಂದಿದೆ ಎಂದು ಭಾವಿಸಿತು.

ಆ ಓದು ತಪ್ಪೆಂದು ತೋರಿಸಿಕೊಟ್ಟಿದ್ದು ಪೋರ್ಷೆ ಕಂಪನಿಯೇ. 2017ರ ಜಿನೀವಾ ಪ್ರದರ್ಶನದಲ್ಲಿ ಹೊಸ ಜಿಟಿ3 ಬಂತು. ಅದರಲ್ಲೂ ನಾಲ್ಕು ಲೀಟರಿನ, 500 ಅಶ್ವಶಕ್ತಿಯ ಎಂಜಿನ್. ಗೇರ್‌ಬಾಕ್ಸ್ ಬೇಕಾದರೆ ಮ್ಯಾನುಯಲ್. ಅಮೆರಿಕದ ಬೆಲೆ 1,43,600 ಡಾಲರ್, ಕಾರುಗಳ ಸಂಖ್ಯೆಗೆ ಘೋಷಿತ ಮಿತಿ ಇಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ರೆಕ್ಕೆ ತೆಗೆದ, ಮ್ಯಾನುಯಲ್ ಗೇರ್ ಮಾತ್ರ ಇರುವ ಟೂರಿಂಗ್ ರೂಪವೂ ಬಂತು. ಆರ್‌ನ ಅನುಭವದ ಬಹುಪಾಲು ಈಗ ಆರ್‌ನ ಪಟ್ಟಿ ಬೆಲೆಗಿಂತ ಕಡಿಮೆಗೆ ಸಿಗುವಂತಾಯಿತು. ಐದಾರು ಲಕ್ಷ ಕೊಡಲು ಸಿದ್ಧರಿದ್ದವರು ಹಿಂದೆ ಸರಿದರು. ಕಂಪನಿ ಮಾತು ತಪ್ಪಿರಲಿಲ್ಲ, 992ನೆಯ ಆರ್ ಎಂದೂ ತಯಾರಾಗಲಿಲ್ಲ. ಆದರೆ ಇಂತಿಷ್ಟೇ ಕಾರು ಎಂದು ಮಾತು ಕೊಡುವ ಕಂಪನಿ, ಆ ಕಾರಿನ ಒಳಗುಣವನ್ನು ಮತ್ತೆಂದೂ ಬೇರೆ ಕಾರಿಗೆ ಕೊಡೆನೆಂದು ಮಾತು ಕೊಡುವುದಿಲ್ಲ. ಕೊಡಲೂ ಆಗದು, ಅದು ನಡೆಯುವುದೇ ಹೊಸ ಕಾರು ಮಾರಿ. ನನ್ನ ವಾದ ಇಷ್ಟೇ: ಸೀಮಿತ ಸಂಖ್ಯೆ ಕಾರ್ಖಾನೆಯ ತೀರ್ಮಾನ, ಅದನ್ನು ಒಂದು ಫಲಕದ ಮೇಲೆ ಕೆತ್ತಿ ಮಾರಬಹುದು. ವಿರಳತೆ ಹುಟ್ಟುವುದು ಮಾತ್ರ ಒಂದು ಬಗೆಯ ತಯಾರಿಕೆ, ಒಂದು ಬಗೆಯ ಚಾಲನೆ ಮತ್ತೆ ಸುಲಭವಾಗಿ ಸಿಗದೆ ಹೋದಾಗ. ಮರುಮಾರಾಟದ ಬೆಲೆ ದೀರ್ಘಕಾಲದಲ್ಲಿ ಹಿಂಬಾಲಿಸುವುದು ಈ ಎರಡನೆಯದನ್ನು.

ಸಂಖ್ಯೆಯೊಂದೇ ಬೆಲೆ ತರುವುದಾದರೆ ಕಡಿಮೆ ತಯಾರಾದ ಕಾರು ಸದಾ ಹೆಚ್ಚು ಬಾಳಬೇಕಿತ್ತು. ಚರಿತ್ರೆ ಹಾಗೆ ಹೇಳುವುದಿಲ್ಲ. ಫೆರಾರಿ ಎಫ್40 ಕಾರನ್ನು 1987ರಲ್ಲಿ ಹೊರತಂದಾಗ ಸುಮಾರು 400 ತಯಾರಿಸುವ ಉದ್ದೇಶವಿತ್ತು. ಕೊನೆಗೆ ತಯಾರಾದದ್ದು 1,300ಕ್ಕೂ ಹೆಚ್ಚು. ಅದರ ನಂತರ ಬಂದ ಬುಗಾಟಿ ಇಬಿ110 ತಯಾರಾದದ್ದು ಸುಮಾರು 140 ಮಾತ್ರ. ಆದರೂ ಬಹುಕಾಲ ಎಫ್40ಯ ಬೆಲೆಯೇ ಮೇಲಿತ್ತು. ಇಂದು ಅದಕ್ಕೆ ಇಪ್ಪತ್ತು ಲಕ್ಷ ಡಾಲರಿಗೂ ಮಿಗಿಲಾದ ಬೆಲೆ. ಕಂಪನಿಯ ಸ್ಥಾಪಕ ಎಂಜೊ ಫೆರಾರಿ 1988ರಲ್ಲಿ ತೀರಿಕೊಳ್ಳುವ ಮುನ್ನ ಒಪ್ಪಿಗೆಯ ಮುದ್ರೆ ಒತ್ತಿದ ಕೊನೆಯ ಕಾರು ಅದು. ಚಾಲಕನಿಗೆ ನೆರವಾಗುವ ಯಾವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇಲ್ಲದ ಒರಟು ಯಂತ್ರ. ಅಂಥದ್ದನ್ನು ಫೆರಾರಿ ಮತ್ತೆ ತಯಾರಿಸಲಿಲ್ಲ. ಇನ್ನೊಂದು ಬದಿಯಲ್ಲಿ ಮೆಕ್‌ಲಾರೆನ್ ಕಂಪನಿಯ ಎಲ್ವಾ ಇದೆ. 2019ರಲ್ಲಿ 399 ತಯಾರಿಸುವುದಾಗಿ ಘೋಷಿಸಿ, ಬೇಡಿಕೆ ಸಾಲದೆ 249ಕ್ಕೆ ಇಳಿಸಿ, ಆಮೇಲೆ 149ಕ್ಕೆ ಇಳಿಸಲಾಯಿತು. ಸಂಖ್ಯೆಯೇ ಬೆಲೆಯಾಗಿದ್ದರೆ ಪ್ರತಿ ಕಡಿತಕ್ಕೂ ಬೆಲೆ ಏರಬೇಕಿತ್ತು. ನಡೆದದ್ದು ತಿರುವುಮುರುವು, ಪಟ್ಟಿ ಬೆಲೆಗಿಂತ ಬಹಳ ಕೆಳಗೆ ಕಾರುಗಳು ಮಾರಾಟವಾದವು. ಅದರ ಟರ್ಬೊ ವಿ8 ಎಂಜಿನ್ನಿನ ನೆಂಟರು ಕಂಪನಿಯ ಬೇರೆ ಕಾರುಗಳಲ್ಲೂ ಇದ್ದರು, ಕೆಲವೇ ತಿಂಗಳಿಗೊಂದು ಹೊಸ ವಿಶೇಷ ಆವೃತ್ತಿ ಹೊರಬರುತ್ತಿತ್ತು. ಸಂಖ್ಯೆ ಕಡಿಮೆಯಿದ್ದರೂ ಅನುಭವ ಅಪರೂಪದ್ದಾಗಿರಲಿಲ್ಲ.

ಸಂಖ್ಯೆಯ ಮೇಲೆ ಕುರುಡು ನಂಬಿಕೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ 1980ರ ದಶಕದ ಕೊನೆಯಲ್ಲಿ ಉಬ್ಬಿ ಒಡೆದ ಪೇಟೆ ಇನ್ನೂ ದೊಡ್ಡ ಸಾಕ್ಷಿ. ಎಂಜೊ ಸಾವಿನ ನಂತರ ಫೆರಾರಿಗಳ ಬೆಲೆ ಗಗನಕ್ಕೇರಿತು. ಎಫ್40ಗಳಿಗೆ ಬ್ರಿಟನ್ನಿನಲ್ಲಿ ಪಟ್ಟಿ ಬೆಲೆಯ ನಾಲ್ಕೈದು ಪಟ್ಟು ಕೇಳತೊಡಗಿದರು. ಆ ಬಿಸಿಯಲ್ಲೇ ಜಾಗ್ವಾರ್ 1988ರಲ್ಲಿ ಎಕ್ಸ್‌ಜೆ220 ಎಂಬ ಮಾದರಿಯನ್ನು ತೋರಿಸಿ, 350 ಕಾರು ತಯಾರಿಸುವುದಾಗಿ ಹೇಳಿ, ತಲಾ 50,000 ಪೌಂಡ್ ಮುಂಗಡ ಪಡೆಯಿತು. ಕೊಂಡವರಲ್ಲಿ ಅನೇಕರು ಓಡಿಸಲು ಕೊಂಡವರಲ್ಲ, ಕೈಬದಲಿಸಿ ಲಾಭ ಮಾಡಲು ಕೊಂಡವರು. ಕಾರು ಕೈಗೆ ಬಂದದ್ದು 1992ರಲ್ಲಿ. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂದಿತ್ತು, ತೋರಿಸಿದ್ದ ವಿ12 ಎಂಜಿನ್ನಿನ ಜಾಗದಲ್ಲಿ ಟರ್ಬೊ ವಿ6 ಬಂದಿತ್ತು, ನಾಲ್ಕು ಚಕ್ರದ ಚಾಲನೆ ಹೋಗಿತ್ತು, ಬೆಲೆ 4,70,000 ಪೌಂಡಿಗೆ ಏರಿತ್ತು. ಗಿರಾಕಿಗಳು ಒಪ್ಪಂದದಿಂದ ಹೊರಬರಲು ನ್ಯಾಯಾಲಯದ ಮೆಟ್ಟಿಲೇರಿದರು. ತಯಾರಾದದ್ದು 300ಕ್ಕೂ ಕಡಿಮೆ. ಅವುಗಳಲ್ಲೂ ಉಳಿದವನ್ನು ಪಟ್ಟಿ ಬೆಲೆಗಿಂತ ಎಷ್ಟೋ ಕಡಿಮೆಗೆ ಮಾರಬೇಕಾಯಿತು. ಮೂವತ್ತು ವರ್ಷಗಳ ನಂತರವೂ ಆ ಕಾರಿನ ಬೆಲೆ ಅಂದಿನ ಪಟ್ಟಿ ಬೆಲೆಯ ಆಸುಪಾಸಿನಲ್ಲೇ ಸುಳಿಯುತ್ತಿದೆ. ನಡುವಿನ ಹಣದುಬ್ಬರವನ್ನು ಕಳೆದರೆ ಅದು ದೊಡ್ಡ ನಷ್ಟ. ಸಂಖ್ಯೆಯಲ್ಲಿ ಅದು ಎಫ್40ಗಿಂತ ಎಷ್ಟೋ ಕಡಿಮೆಯಿದ್ದ ಕಾರು ಎಂಬುದನ್ನು ಇಲ್ಲಿ ಮರೆಯಬಾರದು.

ಹಾಗಾದರೆ ಬೆಲೆ ಯಾವುದಕ್ಕೆ? ಇದಕ್ಕೆ ಉತ್ತರಿಸಲು ಪೇಟೆಯೇ ಒಂದು ಪ್ರಯೋಗವನ್ನು ನಡೆಸಿಕೊಟ್ಟಿದೆ. ಫೆರಾರಿ ಎಫ್430 ಎಂಬ ಕಾರು 2004ರಲ್ಲಿ ಬಂದಾಗ ಎರಡು ಗೇರ್‌ಬಾಕ್ಸುಗಳಲ್ಲಿ ಸಿಗುತ್ತಿತ್ತು: ಒಂದು ಮ್ಯಾನುಯಲ್, ಇನ್ನೊಂದು ಸ್ಟಿಯರಿಂಗ್ ಹಿಂದಿನ ಪಟ್ಟಿಗಳಿಂದ ಬದಲಿಸುವ ಎಫ್1 ಗೇರ್‌ಬಾಕ್ಸ್. ಎರಡನೆಯದಕ್ಕೆ ಹೆಚ್ಚು ಹಣ ಕೊಡಬೇಕಿತ್ತು, ಅದು ಹೆಚ್ಚು ವೇಗದ್ದೂ ಆಗಿತ್ತು. ಕೊಂಡವರಲ್ಲಿ ಬಹುಪಾಲು ಮಂದಿ ಅದನ್ನೇ ಆರಿಸಿಕೊಂಡರು. ಇಂದು ಅದೇ ಕಾರು, ಅದೇ ಎಂಜಿನ್, ಅದೇ ವರ್ಷ, ಅದೇ ಬಣ್ಣವಾದರೂ ಮ್ಯಾನುಯಲ್ ಇರುವುದಕ್ಕೆ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಲೆ. ಮುಂದೆ ಬಂದ 599 ಜಿಟಿಬಿಯಲ್ಲಿ ಮ್ಯಾನುಯಲ್ ಗೇರಿನವು ಜಗತ್ತಿನಲ್ಲೆಲ್ಲ ಸೇರಿ ಸುಮಾರು 30. ಅವುಗಳ ಬೆಲೆ ಉಳಿದ 599ಗಳಿಗಿಂತ ಹಲವು ಪಟ್ಟು. ಲ್ಯಾಂಬೋರ್ಗಿನಿ ಮುರ್ಸಿಯೆಲಾಗೊದಲ್ಲೂ ಇದೇ ಕಥೆ. ಇಲ್ಲಿ ಸಂಖ್ಯೆಯ ಪಾತ್ರವೂ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಆ ಕೊರತೆ ಕಾರ್ಖಾನೆ ಘೋಷಿಸಿದ್ದಲ್ಲ, ಗಿರಾಕಿಗಳೇ ಅಂದು ಬೇಡವೆಂದದ್ದರಿಂದ ಆದದ್ದು. ಅದಕ್ಕೆ ಬೆಲೆ ಬಂದದ್ದು 2010ರ ದಶಕದ ಆರಂಭದಲ್ಲಿ ಫೆರಾರಿ ಮ್ಯಾನುಯಲ್ ಗೇರನ್ನೇ ನಿಲ್ಲಿಸಿದ ಮೇಲೆ. ನಿಧಾನವಾದ, ಅಂದು ಅಗ್ಗವಾಗಿದ್ದ ಯಂತ್ರಕ್ಕೆ ಇಂದು ಹೆಚ್ಚು ಬೆಲೆ ಬಂದಿದೆಯೆಂದರೆ ಪೇಟೆ ತೂಗುತ್ತಿರುವುದು ವೇಗವನ್ನಲ್ಲ, ಹೊಸ ಕಾರಿನಲ್ಲಿ ಸಿಗದೆ ಹೋದ ಚಾಲನೆಯನ್ನು.

ಗೇರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಜಪಾನಿನ ಲೆಕ್ಸಸ್ ಎಲ್‌ಎಫ್‌ಎ 2010ರಿಂದ 2012ರವರೆಗೆ ಸರಿಯಾಗಿ 500 ತಯಾರಾಯಿತು. ಅಮೆರಿಕದಲ್ಲಿ 3,75,000 ಡಾಲರ್. ಅಷ್ಟು ಹಣ ಕೊಟ್ಟು ಲೆಕ್ಸಸ್ ಕೊಳ್ಳುವವರು ಯಾರು ಎಂದು ಗಿರಾಕಿಗಳು ಹಿಂಜರಿದರು. ತಯಾರಿಕೆ ನಿಂತು ಐದು ವರ್ಷ ಕಳೆದರೂ ಅಮೆರಿಕದ ಷೋರೂಮುಗಳಲ್ಲಿ ಮಾರಾಟವಾಗದ ಹೊಸ ಎಲ್‌ಎಫ್‌ಎಗಳು ನಿಂತಿದ್ದವು. ಸೀಮಿತ ಸಂಖ್ಯೆ ಅಂದೂ ಇತ್ತು, ಬೇಡಿಕೆ ಮಾತ್ರ ಇರಲಿಲ್ಲ. ಅದರ ಗೇರ್‌ಬಾಕ್ಸನ್ನು ಹೊಗಳಿದವರೂ ಕಡಿಮೆ. ಆದರೆ ಯಮಹಾ ನೆರವಿನಿಂದ ರೂಪುಗೊಂಡ 4.8 ಲೀಟರಿನ ವಿ10 ಎಂಜಿನ್ನಿನ ನಾದವನ್ನು ಕೇಳಿದವರು ಮರೆಯಲಿಲ್ಲ. ಹೊಗೆ ನಿಯಮಗಳು ಬಿಗಿಯಾಗಿ, ಬಹುತೇಕ ಕಂಪನಿಗಳು ಸಣ್ಣ ಟರ್ಬೊ ಎಂಜಿನ್ನುಗಳತ್ತ, ಬ್ಯಾಟರಿ ಬೆರೆಸಿದ ಎಂಜಿನ್ನುಗಳತ್ತ ಹೊರಳಿದಾಗ ಅಂಥ ಎಂಜಿನ್ ಇನ್ನು ಬರುವುದಿಲ್ಲ ಎಂಬುದು ಖಚಿತವಾಯಿತು. ಆಮೇಲೆ ಬೆಲೆ ಎರಡು ಪಟ್ಟಾಗಿ, ಹತ್ತು ಲಕ್ಷ ಡಾಲರಿನ ಹತ್ತಿರ ಬಂತು. ಪೋರ್ಷೆಯದೇ ಕರೇರಾ ಜಿಟಿ ಕೂಡ ಇದೇ ದಾರಿ ನಡೆದಿದೆ. 5.7 ಲೀಟರಿನ ವಿ10, ಮ್ಯಾನುಯಲ್ ಗೇರ್, 4,40,000 ಡಾಲರ್ ಬೆಲೆ. 1,500 ತಯಾರಿಸುವ ಯೋಜನೆ ಇದ್ದರೂ 2006ರಲ್ಲಿ 1,270ಕ್ಕೇ ನಿಲ್ಲಿಸಿದರು. 2008ರ ಆರ್ಥಿಕ ಕುಸಿತದ ಸುಮಾರಿಗೆ ಅದು ಪಟ್ಟಿ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತಿತ್ತು. 2022ರ ಆರಂಭದಲ್ಲಿ ಒಳ್ಳೆಯ ಸ್ಥಿತಿಯ ಕಾರು ಇಪ್ಪತ್ತು ಲಕ್ಷ ಡಾಲರಿನ ಹತ್ತಿರ ಹೋಗಿ, ಮತ್ತೆ ತುಸು ಇಳಿಯಿತು. ಎರಡೂ ಕಾರುಗಳಲ್ಲಿ ಬೆಲೆ ಏರಿದ್ದು ತಯಾರಿಕೆ ನಿಂತ ದಿನದಿಂದಲ್ಲ. ಆ ಬಗೆಯ ಕಾರು ಇನ್ನು ಬಾರದು ಎಂದು ಲೋಕಕ್ಕೆ ಮನವರಿಕೆಯಾದ ಮೇಲೆ.

ಇದಕ್ಕೆ ಮೊದಲ ಆಕ್ಷೇಪ ಬಲವಾದದ್ದೇ. ಮ್ಯಾನುಯಲ್ ಗೇರ್ ನಿಜಕ್ಕೂ ಮುಗಿದಿಲ್ಲವಲ್ಲ? 2023ರಲ್ಲಿ ಪೋರ್ಷೆಯೇ 911 ಎಸ್/ಟಿ ತಂದಿತು. 911 ಮೊದಲು ಜನರೆದುರು ಬಂದ ವರ್ಷದ ನೆನಪಿಗೆ 1,963 ಕಾರುಗಳು, ಆರ್‌ಎಸ್‌ನ ಎಂಜಿನ್, ಮ್ಯಾನುಯಲ್ ಗೇರ್, ರೆಕ್ಕೆಯಿಲ್ಲದ ಮೈ. ಹೆಚ್ಚು ಕಡಿಮೆ ಆರ್‌ನ ಮರುಹುಟ್ಟು. ಮೆಕ್‌ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ್ರಿ ತಮ್ಮ ಸ್ವಂತ ಕಂಪನಿಯಿಂದ ವಿ12 ಎಂಜಿನ್ನಿನ, ಮ್ಯಾನುಯಲ್ ಗೇರಿನ ಟಿ.50 ಕಾರನ್ನು ತಂದರು. ಹಾಗಾದರೆ 2017ರ ಕುಸಿತ ಮತ್ತೆ ಮತ್ತೆ ನಡೆಯಬೇಕಲ್ಲವೇ? ವ್ಯತ್ಯಾಸ ಬೆಲೆಯಲ್ಲಿದೆ. 2017ರ ಜಿಟಿ3 ಆರ್‌ಗಿಂತ ಅಗ್ಗವಾಗಿತ್ತು, ಸಂಖ್ಯೆಗೆ ಮಿತಿಯೂ ಇರಲಿಲ್ಲ. ಆದ್ದರಿಂದ ಅದು ಆರ್‌ನ ಬೆಲೆಯನ್ನು ಕೆಳಗೆ ಎಳೆಯಿತು. ಎಸ್/ಟಿಗೆ ಅಮೆರಿಕದಲ್ಲಿ ಸುಮಾರು 2,90,000 ಡಾಲರ್. ಟಿ.50ಗೆ ತೆರಿಗೆ ಬಿಟ್ಟೇ 23 ಲಕ್ಷ ಪೌಂಡಿಗೂ ಹೆಚ್ಚು, ಅದರಲ್ಲೂ ನೂರೇ ಕಾರು. ಹಳೆಯ ಅನುಭವವನ್ನು ಹೊಸದಾಗಿ ತಯಾರಿಸುವ ಖರ್ಚು ಇಷ್ಟೆಂದು ಇಂಥ ಕಾರುಗಳು ತೋರಿಸಿಕೊಟ್ಟವು. ಅದರಿಂದ ಹಳೆಯವುಗಳ ಬೆಲೆಗೆ ಆಧಾರವೇ ಸಿಕ್ಕಿತು. 911 ಆರ್ ಬೆಲೆ ಆ ಮೊದಲಿನ ಹುಚ್ಚು ಎತ್ತರಕ್ಕೆ ಹೋಗದಿದ್ದರೂ 2018-19ರ ತಳದಿಂದ ಚೇತರಿಸಿಕೊಂಡು ಪಟ್ಟಿ ಬೆಲೆಯ ಎರಡು ಪಟ್ಟಿಗೂ ಮೇಲೆ ನಿಂತಿರುವುದು ಇದೇ ಕಾರಣಕ್ಕೆ. ಆದ್ದರಿಂದ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಷ್ಟು ತಯಾರಾಗಿವೆ?’ ಎಂಬುದಕ್ಕಿಂತ ‘ಇದೇ ಅನುಭವವನ್ನು ನಾಳೆ ಕಂಪನಿ ಇದಕ್ಕಿಂತ ಅಗ್ಗವಾಗಿ ಕೊಡಬಲ್ಲದೇ?’ ಎಂಬುದು. ಕೊಡಬಲ್ಲದು ಎನಿಸಿದರೆ ಹೆಚ್ಚುವರಿ ಹಣ ಕೊಡುವುದು ಬೇಡ.

ಎರಡನೆಯ ಆಕ್ಷೇಪ ಪೀಳಿಗೆಯದು. ಪೆಟ್ರೋಲ್ ಕಾರನ್ನು ಹಂಬಲಿಸಿ ಬೆಳೆದವರು ವಯಸ್ಸಾಗಿ ಮರೆಯಾಗುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಬೆಳೆದ ಮಕ್ಕಳಿಗೆ ಕ್ಲಚ್ ಬೇಕೇ? ಈ ಭಯ ಸುಳ್ಳಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಸಾಮಾನ್ಯ ಕಾರುಗಳಿಗೆ ಅಮೆರಿಕದಲ್ಲಿ ಗಿರಾಕಿಗಳು ಕಡಿಮೆಯಾಗುತ್ತ ಬಂದಿದ್ದಾರೆ, ಅವುಗಳ ನೆನಪಿದ್ದ ಪೀಳಿಗೆ ಹೋಗಿದೆ. ಆದರೆ ಪ್ರತಿ ಪೀಳಿಗೆಯೂ ತನ್ನ ಹದಿವಯಸ್ಸಿನ ಗೋಡೆಯ ಮೇಲಿದ್ದ ಕಾರನ್ನು ಮಧ್ಯವಯಸ್ಸಿನಲ್ಲಿ ಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ. 1997ರ ಗ್ರಾನ್ ಟುರಿಸ್ಮೊ ವಿಡಿಯೊ ಗೇಮ್, 2001ರಲ್ಲಿ ಶುರುವಾದ ಫಾಸ್ಟ್ ಆ್ಯಂಡ್ ಫ್ಯೂರಿಯಸ್ ಚಿತ್ರಗಳು ಬೆಳೆಸಿದ ಹುಡುಗರು ಇಂದು ನಿಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೊಟಾ ಸುಪ್ರಾಗಳ ಬೆಲೆಯನ್ನು ಎಲ್ಲಿಗೋ ಒಯ್ದಿದ್ದಾರೆ. ಅಮೆರಿಕ 25 ವರ್ಷ ತುಂಬಿದ ಕಾರುಗಳ ಆಮದಿಗೆ ಮಾತ್ರ ಸಲೀಸಾಗಿ ಅನುಮತಿ ಕೊಡುತ್ತದೆ. 1999ರಲ್ಲಿ ಬಂದ ಆರ್34 ಜಿಟಿ-ಆರ್‌ಗೆ 2024ರಲ್ಲಿ ಆ ಬಾಗಿಲು ತೆರೆಯಿತು. ಎಲೆಕ್ಟ್ರಿಕ್ ಕಾರುಗಳ ಅನುಭವವೂ ಭಯಕ್ಕೆ ವಿರುದ್ಧವಾಗಿದೆ. ಕ್ರೊಯೇಷಿಯಾದ ರಿಮಾಟ್ಸ್ ಕಂಪನಿಯ ನೆವೆರಾ ಲೋಕದ ಅತಿ ವೇಗದ ಕಾರುಗಳಲ್ಲೊಂದು, 150ಕ್ಕೆ ಸೀಮಿತ. ಆದರೂ ಅವು ಪೂರ್ತಿ ಮಾರಾಟವಾಗದೆ ಉಳಿದವು. ದೊಡ್ಡ ಶ್ರೀಮಂತ ಗಿರಾಕಿಗಳು ಮತ್ತೆ ಯಾಂತ್ರಿಕ ಕಾರುಗಳನ್ನೇ ಬಯಸುತ್ತಿದ್ದಾರೆ ಎಂದು ಸ್ಥಾಪಕ ಮಾಟೆ ರಿಮಾಟ್ಸ್ 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ವೇಗ ಎಲ್ಲರ ಕೈಗೆಟಕುವಂತಾದಾಗ ಅದಕ್ಕೆ ಹೆಚ್ಚುವರಿ ಬೆಲೆ ಉಳಿಯುವುದಿಲ್ಲ. ಕಾನೂನಿನ ಭಯವನ್ನೂ ಇಲ್ಲೇ ನೋಡಬಹುದು. ಯುರೋಪ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದ, 2035ಕ್ಕೆ ಗುರಿಯಿಟ್ಟ ನಿಯಮ ಹೊಸ ಕಾರುಗಳ ಮಾರಾಟಕ್ಕೆ ಸಂಬಂಧಿಸಿದ್ದು. ಅದನ್ನು ಸಡಿಲಿಸುವ ಒತ್ತಡವೂ ಇದೆ. ಈಗಾಗಲೇ ರಸ್ತೆಯಲ್ಲಿರುವ ಕಾರನ್ನು ಅದು ಮುಟ್ಟುವುದಿಲ್ಲ. ಹೊಸದರ ಬಾಗಿಲು ಮುಚ್ಚಿದಷ್ಟೂ ಹಳೆಯದರಲ್ಲಿ ಅತ್ಯುತ್ತಮವಾದವಕ್ಕೆ ಬೆಲೆ ಗಟ್ಟಿಯಾಗುತ್ತದೆ. ಅತ್ಯುತ್ತಮವಾದವಕ್ಕೆ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು, ಪೆಟ್ರೋಲ್ ಕುಡಿಯುವ ಎಲ್ಲ ಕಾರುಗಳಿಗೂ ಈ ಭಾಗ್ಯವಿಲ್ಲ.

ಮೂರನೆಯದು ಆಕ್ಷೇಪಕ್ಕಿಂತ ಆಮಿಷ: ಹಾಗಿದ್ದರೆ ಇದು ಒಳ್ಳೆಯ ಹೂಡಿಕೆಯೇ? ಗೆದ್ದ ಕಾರಿನ ಲೆಕ್ಕವನ್ನೇ ಹಾಕೋಣ. 2005ರಲ್ಲಿ 4,40,000 ಡಾಲರಿಗೆ ಕೊಂಡ ಕರೇರಾ ಜಿಟಿಯನ್ನು 2023ರ ಕೊನೆಗೆ 14 ಲಕ್ಷಕ್ಕೆ ಮಾರಿದರೆ ಹದಿನೆಂಟು ವರ್ಷಗಳಲ್ಲಿ ಹಣ ಮೂರು ಪಟ್ಟಿಗಿಂತ ತುಸು ಹೆಚ್ಚಾಯಿತು, ವರ್ಷಕ್ಕೆ ಶೇ 6.6ರಷ್ಟು. ಅದೇ ಅವಧಿಯಲ್ಲಿ ಅಮೆರಿಕದ ಎಸ್ ಆ್ಯಂಡ್ ಪಿ 500 ಷೇರು ಸೂಚ್ಯಂಕ ಸುಮಾರು 1,200ರಿಂದ 4,770ಕ್ಕೆ ಏರಿತು, ಹೆಚ್ಚು ಕಡಿಮೆ ನಾಲ್ಕು ಪಟ್ಟು. ಲಾಭಾಂಶ ಅದರ ಮೇಲಿನದು. ಷೇರಿಗೆ ಗ್ಯಾರೇಜು ಬೇಡ, ವಿಮೆ ಬೇಡ. ಕಾರಿಗೆ ಎಲ್ಲವೂ ಬೇಕು. ಓಡದಿದ್ದರೂ ಟೈರುಗಳು ಹಳೆಯದಾಗುತ್ತವೆ, ಎಫ್40ಯ ಒಳಗಿನ ರಬ್ಬರ್ ಇಂಧನ ಚೀಲಗಳನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ, ಹರಾಜಿನಲ್ಲಿ ಕೊಳ್ಳುವವರ ಮೇಲೆ ಶೇ 10ರ ಆಸುಪಾಸಿನ ಶುಲ್ಕ ಬೀಳುತ್ತದೆ. ಇಷ್ಟೆಲ್ಲ ಆದ ಮೇಲೂ ಸುದ್ದಿಯಾಗುವ ದೊಡ್ಡ ಲಾಭಗಳಿವೆಯಲ್ಲ ಎನ್ನಬಹುದು. ಅವುಗಳಲ್ಲಿ ಬಹುಪಾಲು ಪಟ್ಟಿ ಬೆಲೆಗೆ ಕಾರು ಸಿಕ್ಕವರ ಲಾಭ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಿವೇಶನ ಹಂಚಿಕೆಯಾದವರು ಅದನ್ನು ಹೊರಗಿನ ದರಕ್ಕೆ ಮಾರಿದಾಗ ಬರುವ ಲಾಭ ಹೇಗೆ ಮಣ್ಣಿಗಿಂತ ಹಂಚಿಕೆಯದ್ದೋ, ಇದೂ ಹಾಗೆ. 911 ಆರ್ ಪಟ್ಟಿ ಬೆಲೆಗೆ ಸಿಕ್ಕವರಿಗೆ ಒಳ್ಳೆಯ ಗಳಿಕೆಯಾಯಿತು; ಹೊರಗಿನ ಪೇಟೆಯಲ್ಲಿ 2016ರಲ್ಲಿ ಐದಾರು ಲಕ್ಷ ಕೊಟ್ಟವರ ಅಸಲೇ ಕರಗಿತು. ಕಂಪನಿಗಳಿಗೂ ಇದು ಗೊತ್ತು. ಫೋರ್ಡ್ ತನ್ನ 2017ರ ಜಿಟಿ ಕಾರನ್ನು ಎರಡು ವರ್ಷ ಮಾರಕೂಡದು ಎಂದು ಕರಾರು ಮಾಡಿಕೊಂಡಿತ್ತು. ಕುಸ್ತಿಪಟು, ನಟ ಜಾನ್ ಸೀನಾ ಬೇಗನೆ ಮಾರಿದ್ದಕ್ಕೆ ಮೊಕದ್ದಮೆ ಹೂಡಿತು, 2018ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಪೋರ್ಷೆ ಅಮೆರಿಕದಲ್ಲಿ ಎಸ್/ಟಿಯನ್ನು ಮೊದಲ ವರ್ಷ ಗುತ್ತಿಗೆಯ ಮೇಲಷ್ಟೇ ಕೊಟ್ಟಿತು. ಹಂಚಿಕೆಯಲ್ಲಿ ಹೆಸರಿಲ್ಲದವರು ಈ ಪೇಟೆಯನ್ನು ಷೇರುಪೇಟೆಯ ಬದಲಿಯೆಂದು ನಂಬುವುದು ಸರಿಯಲ್ಲ.

ಕರ್ನಾಟಕದ ಓದುಗರಿಗೆ ಈ ಲೆಕ್ಕ ಇನ್ನೂ ಕಟುವಾಗಿ ಬರುತ್ತದೆ. ಪೂರ್ತಿ ಸಿದ್ಧವಾಗಿ ಬರುವ ದುಬಾರಿ ಕಾರಿಗೆ ಭಾರತದ ಆಮದು ತೆರಿಗೆ ಬಹುಕಾಲದಿಂದ ಕಾರಿನ ಬೆಲೆಯಷ್ಟೇ ಅಥವಾ ಅದಕ್ಕೂ ಹೆಚ್ಚು. ಅದರ ಮೇಲೆ ಜಿಎಸ್‌ಟಿ. ಅದರ ಮೇಲೆ ಇಪ್ಪತ್ತು ಲಕ್ಷ ರೂಪಾಯಿ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇ 18ರ ಆಜೀವ ರಸ್ತೆ ತೆರಿಗೆ. ಈ ಹೊರೆ ತಪ್ಪಿಸಲು ಬೇರೆ ರಾಜ್ಯದಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುತ್ತಿದ್ದ ಒಂದು ಫೆರಾರಿಯಿಂದ 2025ರಲ್ಲಿ ಸಾರಿಗೆ ಇಲಾಖೆ ಸುಮಾರು ಒಂದೂವರೆ ಕೋಟಿ ರೂಪಾಯಿ ವಸೂಲು ಮಾಡಿದ್ದು ಸುದ್ದಿಯಾಗಿತ್ತು. ತೆರಿಗೆಯಾಗಿ ಹೋದ ಈ ಹಣಕ್ಕೆ ಲೋಕದ ಪೇಟೆಯಲ್ಲಿ ಬೆಲೆಯಿಲ್ಲ. ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳುವಂತಿಲ್ಲ, ವಿಂಟೇಜ್ ಎಂಬ ವಿನಾಯಿತಿಗೆ ಐವತ್ತು ವರ್ಷ ತುಂಬಿರಬೇಕು. ಹೀಗಾಗಿ 2016ರ ಕಾರಿನ ಜಾಗತಿಕ ಬೆಲೆ ಏರಿದರೂ ಇಲ್ಲಿನ ಮಾಲೀಕ ಅದನ್ನು ಮಾರಬೇಕಾದದ್ದು ದೇಶದೊಳಗಿನ ಪುಟ್ಟ ಗಿರಾಕಿ ವಲಯಕ್ಕೆ. ನಾಳೆ ವ್ಯಾಪಾರ ಒಪ್ಪಂದದಿಂದ ಸುಂಕ ಇಳಿದರೆ ಹೊಸ ಕಾರು ಅಗ್ಗವಾಗಿ, ಹಿಂದೆ ಪೂರ್ತಿ ಸುಂಕ ಕೊಟ್ಟವರ ಕಾರಿನ ಬೆಲೆ ಇನ್ನಷ್ಟು ಕುಗ್ಗುತ್ತದೆ. ಓಡಿಸುವ ಆಸೆಯಿಂದ ಕೊಂಡವರಿಗೆ ಇದು ನಷ್ಟವಾಗಬೇಕಿಲ್ಲ, ಲಾಭದ ಆಸೆಯಿಂದ ಕೊಂಡವರಿಗೆ ಅಡಿಪಾಯವೇ ಇಲ್ಲ.

ಕೊನೆಯದಾಗಿ ಉಳಿಯುವುದು ಓಡಿಸುವ ಪ್ರಶ್ನೆ. ನನ್ನ ವಾದದಂತೆ ಬೆಲೆ ಹುಟ್ಟುವುದು ಚಾಲನೆಯ ಅನುಭವದಿಂದಾದರೆ, ಕಡಿಮೆ ಓಡಿದ ಕಾರಿಗೇ ಪೇಟೆ ಹೆಚ್ಚು ಕೊಡುವುದೇಕೆ? 2021ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನ ಹರಾಜಿನಲ್ಲಿ ಎರಡು ಕೋಟಿ ಡಾಲರ್ ಮೀರಿ ಹೋದ ಮೆಕ್‌ಲಾರೆನ್ ಎಫ್1 ಹುಟ್ಟಿದಂದಿನಿಂದ ಓಡಿದ್ದು 400 ಕಿಲೋಮೀಟರಿಗೂ ಕಡಿಮೆ. ಆದರೆ ಆ ಕಾರಿಗೆ ಆ ಹೆಸರು ಬಂದದ್ದು ಗ್ಯಾರೇಜಿನಲ್ಲಿ ನಿಂತ ಕಾರಿನಿಂದಲ್ಲ. ಒಟ್ಟು 106 ಎಫ್1ಗಳಲ್ಲಿ ಒಂದು 1995ರಲ್ಲಿ ಲೆ ಮಾನ್ 24 ಗಂಟೆಗಳ ರೇಸ್ ಗೆದ್ದಿತು. ಇನ್ನು ಎಷ್ಟೋ ಕಾರುಗಳು ರಸ್ತೆಯಲ್ಲಿ ಓಡಿ, ನೋಡಿದವರಲ್ಲಿ, ಓಡಿಸಿದವರಲ್ಲಿ, ಬರೆದವರಲ್ಲಿ ಆಸೆ ಬಿತ್ತಿದವು. ನಿಂತ ಕಾರಿನ ಬೆಲೆ ಓಡಿದ ಕಾರುಗಳು ಗಳಿಸಿಕೊಟ್ಟ ಹೆಸರಿನ ಮೇಲೆ ನಿಂತಿದೆ. 911 ಆರ್‌ನಂಥ ಕಾರುಗಳನ್ನು ಎಲ್ಲ ಮಾಲೀಕರೂ ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ಇಂದಿನ ಹದಿವಯಸ್ಸಿನವರು ಅದನ್ನು ಬೀದಿಯಲ್ಲಿ ಕಾಣುವುದಿಲ್ಲ, ಅದರ ದನಿ ಕೇಳುವುದಿಲ್ಲ. ಇಪ್ಪತ್ತು ವರ್ಷಗಳ ನಂತರ ಅದನ್ನು ಕೊಳ್ಳಬೇಕಾದವರು ಅವರೇ. ಒಬ್ಬ ಮಾಲೀಕನಿಗೆ ಜಾಣತನವಾಗಿ ಕಾಣುವುದು ಎಲ್ಲರೂ ಮಾಡಿದಾಗ ಎಲ್ಲರ ಆಸ್ತಿಯನ್ನೂ ತಿನ್ನುತ್ತದೆ.

ಮುಂದಿನ ಹತ್ತು ವರ್ಷಗಳ ಬಗ್ಗೆ ಹೀಗೆ ಹೇಳಬಹುದು. ಸಂಖ್ಯೆಯ ಫಲಕವನ್ನೇ ದೊಡ್ಡದು ಮಾಡಿ ಮಾರುವ ವಿಶೇಷ ಆವೃತ್ತಿಗಳು ಹೆಚ್ಚುತ್ತಲೇ ಹೋಗುತ್ತವೆ. ಅವುಗಳಲ್ಲಿ ಬಹುಪಾಲು, ಬಿಡುಗಡೆಯ ವರ್ಷದ ಬಿಸಿ ಆರಿದ ಮೇಲೆ ಪಟ್ಟಿ ಬೆಲೆಗಿಂತ ಕೆಳಗಿಳಿಯುತ್ತವೆ. ಟರ್ಬೊ ಇಲ್ಲದೆ ಉಸಿರಾಡುವ ಎಂಜಿನ್, ಕೈಯಿಂದ ಹಾಕುವ ಗೇರ್, ಕಡಿಮೆ ತೂಕ ಈ ಮೂರೂ ಸೇರಿದ ಕೆಲವೇ ಕಾರುಗಳು ಬಡ್ಡಿದರ ಏರಿದಾಗ ಇಳಿದು, ಇಳಿದಾಗ ಏರಿ, ಒಟ್ಟಿನಲ್ಲಿ ತಮ್ಮ ಬೆಲೆ ಉಳಿಸಿಕೊಳ್ಳುತ್ತವೆ. ಹಾಗೆ ಉಳಿಸಿಕೊಳ್ಳುವುದು ಸಂಪತ್ತು ಬೆಳೆಸುವಷ್ಟಲ್ಲ. ವರ್ಷಗಟ್ಟಲೆ ಅಂಥ ಕಾರನ್ನು ಓಡಿಸಿದ ಮೇಲೂ ಅಸಲಿನ ಹೆಚ್ಚಿನ ಭಾಗ ಕೈಗೆ ಮರಳುವಷ್ಟು. ಹೊಸ ಸಾಮಾನ್ಯ ಕಾರು ಮೂರು ವರ್ಷದಲ್ಲಿ ಕಳೆದುಕೊಳ್ಳುವ ಬೆಲೆಯನ್ನು ನೆನೆದರೆ ಇದು ಸಣ್ಣ ಮಾತಲ್ಲ. ಅಷ್ಟನ್ನು ನಿರೀಕ್ಷಿಸಿ, ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸದೆ, ಓಡಿಸಲೆಂದೇ ಕೊಳ್ಳುವವರಿಗೆ ಈ ಪೇಟೆ ಮೋಸ ಮಾಡುವುದಿಲ್ಲ. 2016ರಲ್ಲಿ ಕೈ ಸುಟ್ಟುಕೊಂಡವರು ಕಾರನ್ನು ಬಯಸಿ ಕೆಟ್ಟವರಲ್ಲ, ಕಾರನ್ನು ಬಿಟ್ಟು ಅದರ ಸಂಖ್ಯೆಯನ್ನು ಕೊಂಡವರು.